ಏಟು ತಿಂದ ಕಣ್ಣು

ಕಣ್ಣಿಗೂ ಜಾತಿ ಐತೆ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಕಲ್ಲು ಒಡೆಯೋರು, ತೆಂಗಿನ ಮರ ಹತ್ತೋರು, ಅಡಿಕೆ ಸುಲಿಯೋರು ಯಾರು ಅಂತ ನೋಡಿ. ಏಟು ಬೀಳೋ ಕಣ್ಣು ಯಾರದು ಅಂತ ತಾನೇ ತಿಳೀತದೆ.

ನಮ್ಮ ಚಿಕ್ಕಪ್ಪನ ಕಣ್ಣಿಗೆ ಸುತ್ತಿಗೆ ಏಟಿಗೆ ಎಗರಿದ ಕಲ್ಲು ಬಡಿಯಿತು. ರೆಪ್ಪೆ ಬದನೆಕಾಯಿ ಹಂಗೆ ಊದಿಕೊಂತು. ಆಸ್ಪತ್ರೆಯಲ್ಲಿ ಟಾರ್ಚು ಹಿಡಿದರು, ರೆಪ್ಪೆ ತೆರೆಯಲಿಲ್ಲ. "ಊತ ಇಳಿದ ಮೇಲೆ ಬಾ" ಅಂದರು. ಊತ ಇಳಿಯಿತು, ಬೆಳಕು ಬರಲಿಲ್ಲ. ಕಣ್ಣೊಳಗಿನ ಪರದೆ ಕಳಚಿಕೊಂಡಿತ್ತು. "ಇನ್ನೊಂದೈತಲ್ಲ ಬಿಡಪ್ಪಾ, ಕಲ್ಲು ಕಾಣ್ತದೆ" ಅಂದ ಚಿಕ್ಕಪ್ಪ.

ಅದೇ ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ಬಸುರಿಯರ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಯಂತ್ರವಿತ್ತು.

ಕಣ್ಣು ಅಂದರೆ ನೀರು ತುಂಬಿದ ಸಣ್ಣ ಗುಡಾಣ. ನೀರಿನಲ್ಲಿ ಶಬ್ದದ ಅಲೆ ಸಲೀಸಾಗಿ ಹೋಗುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ದಪ್ಪಗೆ ಜೆಲ್ ಹಾಕಿ, ಒತ್ತದೆ, 7.5 ಮೆಗಾಹರ್ಟ್ಸಿಗಿಂತ ಕಡಿಮೆಯಿಲ್ಲದ ಚಪ್ಪಟೆ ಪ್ರೋಬು ಹಿಡಿದರೆ ಸಾಕು. ಕಳಚಿದ ಪರದೆ ಬಿಳಿ ಗೆರೆಯಾಗಿ ತೇಲುತ್ತದೆ. ಒಳಗೆ ಸುರಿದ ರಕ್ತ, ಜಾರಿದ ಮಸೂರವೂ ಕಾಣುತ್ತವೆ. ಕೆಲವೇ ನಿಮಿಷದ ಕೆಲಸ. ಕಣ್ಣುಗುಡ್ಡೆಯೇ ಒಡೆದಿದೆ ಅನ್ನಿಸಿದರೆ ಮಾತ್ರ ಪ್ರೋಬು ಮುಟ್ಟಿಸಬಾರದು. ಒತ್ತಡ ಬೀಳದಂತೆ ಗಟ್ಟಿ ಮುಚ್ಚಳ ಕಟ್ಟಿ ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದಲ್ಲಿ ಮುಂಟ್ ಮತ್ತು ಹ್ಯೂಸ್ 1956ರಲ್ಲೇ ಶಬ್ದದಿಂದ ಕಣ್ಣನ್ನು ಪರೀಕ್ಷಿಸಿದ್ದರು. 2002ರಲ್ಲಿ ಬ್ಲೈವಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ತುರ್ತು ಚಿಕಿತ್ಸೆಯ ಡಾಕ್ಟರುಗಳು ಹಾಸಿಗೆಯ ಪಕ್ಕದಲ್ಲೇ 61 ಮಂದಿಯ ಕಣ್ಣು ನೋಡಿದರು. 60 ಮಂದಿಯಲ್ಲಿ ಅವರ ತೀರ್ಮಾನ ಸರಿಯಾಗಿತ್ತು. ಅವರು ಕಣ್ಣಿನ ತಜ್ಞರಲ್ಲ, ನೆನಪಿಡಿ.

"ಸ್ಕ್ಯಾನಿಂಗಿಗೆ ಕಾನೂನು ಬಿಗಿ ಐತೆ" ಅನ್ನೋರಿದ್ದಾರೆ. ಹೌದು, ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಯಂತ್ರಕ್ಕೆ ನೋಂದಣಿ, ಲೆಕ್ಕ ಕೇಳುತ್ತದೆ. ಆ ಬಿಗಿ ನಮಗೆ ಬೇಕು. ಆದರೆ ನೋಂದಾಯಿಸಿದ ಯಂತ್ರವನ್ನು ಏಟು ತಿಂದ ಕಣ್ಣಿಗೆ ಹಿಡಿಯಬೇಡಿ ಅಂತ ಅದು ಎಲ್ಲೂ ಹೇಳಿಲ್ಲ.

ಈ ಯಂತ್ರ ಕಣ್ಣು ವಾಸಿ ಮಾಡಲ್ಲ. ರೋಗಿಯನ್ನು ಇವತ್ತು ರಾತ್ರಿಯೇ ಶಿವಮೊಗ್ಗಕ್ಕೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಕಳಿಸಬೇಕಾ ಅಂತ ಹೇಳುತ್ತದೆ, ಅಷ್ಟೆ. ಕೂಲಿಯವನಿಗೆ ಆ ಒಂದು ರಾತ್ರಿಯೇ ಕಣ್ಣು. ಸುಮ್ಮನೆ ಬಸ್ ಚಾರ್ಜು ಕಳೆಯೋಕೆ ಅವನಿಗೆ ಆಗಲ್ಲ; ಕಾಯೋಕೂ ಆಗಲ್ಲ.

ಮೇಷ್ಟ್ರೇ, ಗೆಳೆಯರೇ, ತಾಲ್ಲೂಕು ಆಸ್ಪತ್ರೆಗೆ ಡಾಕ್ಟರು ಬೇಕು, ಔಷಧಿ ಬೇಕು ಅಂತ ಮನವಿ ಬರೆಯುತ್ತೀರಲ್ಲ, ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ತುರ್ತು ಕೋಣೆಗೆ ಆ ಚಪ್ಪಟೆ ಪ್ರೋಬು ಬೇಕು, ರಾತ್ರಿ ಪಾಳಿಯ ಡಾಕ್ಟರಿಗೆ ಅದನ್ನು ಹಿಡಿಯುವ ತರಬೇತಿ ಬೇಕು. ಕಲ್ಲು ಕೋರೆಯ ಧಣಿಯಿಂದ ರಕ್ಷಣೆಯ ಕನ್ನಡಕವನ್ನೂ ಕೇಳಿ. ಇದು ಭಿಕ್ಷೆಯಲ್ಲ, ದುಡಿದ ಕಣ್ಣಿನ ಬಾಕಿ.