ತಾತನ ಕೋವಿ: ಭಾಗ 6 (ಕೊನೆಯದು)

"ಮಗಾ, ಹೊಡೆದು ತೋರಿಸು, ರೀಲ್ ಎಲ್ಲಿ?" ಐದನೇ ಭಾಗಕ್ಕೆ ಬಂದ ಕಾಮೆಂಟ್‌ಗಳಲ್ಲಿ ಮುಕ್ಕಾಲು ಪಾಲು ಇದೇ. ಹೇಳ್ತೀನಿ. ಮೊದಲು ಫೋಟೋ ಸ್ವೈಪ್ ಮಾಡಿ.

ಹೊಸಬರಿಗೆ: ಇದು ತಾತನ ಪಾಯಿಂಟ್ 315 ಸ್ಪೋರ್ಟಿಂಗ್ ರೈಫಲ್. ಇಶಾಪುರದ ಸರ್ಕಾರಿ ಕಾರ್ಖಾನೆಯದು, ಒಳಗಿನ ಯಂತ್ರ ಲೀ-ಎನ್‌ಫೀಲ್ಡ್ ಮಾದರಿ. ತಾತ ಹೋದ ಮೇಲೆ ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲೇ ಇತ್ತು. ಕೊಡಗಿನ ಮಳೆ ಗೊತ್ತಲ್ಲ. ಪೆಟ್ಟಿಗೆ ತೆಗೆದಾಗ ಭುಜಕ್ಕೆ ಒತ್ತಿ ಹಿಡಿಯುವ ಬಟ್ ಅರ್ಧ ಗೆದ್ದಲ ಪಾಲಾಗಿತ್ತು. ತಾತನ ಕೆನ್ನೆ ತಾಗಿ ತಾಗಿ ನುಣುಪಾಗಿದ್ದ ಜಾಗವೇ ಇರಲಿಲ್ಲ.

(ಲೈಸೆನ್ಸ್ ಕೇಳಿದವರಿಗೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ, ಈಗಿನದು 2029ರವರೆಗೆ. ನಾನು ಮುಟ್ಟಿದ್ದು ಮರವನ್ನ ಮಾತ್ರ. ಕಬ್ಬಿಣದ ಕೆಲಸ ಲೈಸೆನ್ಸ್ ಇರೋ ರಿಪೇರಿಯವರದ್ದು.)

ಈ ಮಾದರಿಯಲ್ಲಿ ಮರ ಎರಡು ತುಂಡು, ಮುಂದಿನದು ಬೇರೆ, ಬಟ್ ಬೇರೆ. ಬಟ್ಟಿನೊಳಗೆ ಉದ್ದಕ್ಕೂ ಒಂದು ಬೋಲ್ಟ್ ಹೋಗುತ್ತೆ. ಮುಂದಿನ ಮರ ಬಿಚ್ಚದೆ ಆ ಬೋಲ್ಟ್ ತಿರುಗಿಸಿದ್ರೆ ಮುಂದಿನ ಮರ ಸೀಳಿಹೋಗಬಹುದು. ಇದನ್ನ ಹೇಳಿಕೊಟ್ಟಿದ್ದು ಪೇಟೆಯ ರಿಪೇರಿಯವರೇ. ಅವರ ಅಂಗಡಿಯ ಹಳೇ ಸಾಮಾನಿನ ಡಬ್ಬದಲ್ಲೇ ನಮಗೆ ಇನ್ನೊಂದು ಬಟ್ ಸಿಕ್ಕಿದ್ದು. ಮೇಲೆ ಇಂಗ್ಲಿಷಿನ 'ಎಸ್' ಅಚ್ಚು. ಸೈನ್ಯದ ಲೀ-ಎನ್‌ಫೀಲ್ಡ್‌ಗಳಿಗೆ ಬಟ್ ಆಳಿನ ಅಳತೆಗೆ ತಕ್ಕ ಹಾಗೆ ಬರ್ತಿತ್ತಂತೆ. ಎಸ್ ಅಂದ್ರೆ ಶಾರ್ಟ್, ಅರ್ಧ ಇಂಚು ಗಿಡ್ಡ.

ಆ ಬಟ್ ಸುಮ್ನೆ ಕೂರಲಿಲ್ಲ. ಕಬ್ಬಿಣಕ್ಕೆ ದೀಪದ ಮಸಿ ಸವರಿ, ಮರ ಒತ್ತಿ ತೆಗೆದು, ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆತ್ತಿದೆ. ಮತ್ತೆ ಮಸಿ, ಮತ್ತೆ ಉಳಿ. ಒಂದೇ ಕಡೆ ತಾಗಿದ್ರೆ ಹೊಡೆದಾಗ ಅಲ್ಲೇ ಬಿರುಕು ಬಿಡುತ್ತೆ, ಅದಕ್ಕೇ ಸುತ್ತಲೂ ಸಮ ಕೂರಬೇಕು. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದ್ರೆ ಮರ ಉಬ್ಬಿ ಮೇಲೆ ಬರುತ್ತೆ. ಆಮೇಲೆ ಉಪ್ಪುಕಾಗದ, ಅಗಸೆ ಎಣ್ಣೆ, ದಿನಕ್ಕೊಂದು ತೆಳು ಪದರ. ಎಣ್ಣೆ ಬಟ್ಟೆಯನ್ನ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಕೊನೇ ಪದರ ಒಣಗಿದ ದಿನ ಫೋಟೋ ಹಾಕಿ "ರೆಡಿ" ಅಂತ ಬರೆದೆ. ನಿಮಗೆಲ್ಲ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯೋ ರೀಲ್ ಕೂಡ ಪ್ರಾಮಿಸ್ ಮಾಡಿದ್ದೆ. ಆ ಸಂಜೆ ಅಪ್ಪನ ಹತ್ರ ಹೋಗಿ "ಒಂದೇ ಒಂದು ಗುಂಡು, ತೋಟದಲ್ಲಿ" ಅಂದೆ. "ಮೊದಲು ತೋರಿಸಿಕೊಂಡು ಬರೋಣ" ಅಂದ್ರು. ನಾನು ಜಗಳ ಮಾಡ್ದೆ. ರಾತ್ರಿ ಊಟ ಮಾಡಲಿಲ್ಲ. ಕಾಡತೂಸಿನ ಕೀಲಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ.

ರಿಪೇರಿಯವರು ನನ್ನ ಮರ ನೋಡಿ "ಚೆನ್ನಾಗಿ ಕೂರಿಸಿದ್ದೀಯ" ಅಂದ್ರು. ಆಮೇಲೆ ನಳಿಗೆಗೆ ಟಾರ್ಚ್ ಬಿಟ್ಟರು. ಕಾಡತೂಸು ಕೂರುವ ಜಾಗದಲ್ಲೇ ತುಕ್ಕಿನ ಗುಂಡಿಗಳು. ಅಳತೆಯ ಗೇಜ್ ಹಾಕಿದ್ರು. ಬೋಲ್ಟ್ ಮುಚ್ಚಬಾರದಿತ್ತು, ಮುಚ್ಚಿತು. ಅಂದ್ರೆ ಸಂದು ಜಾಸ್ತಿ, ಹೊಡೆದಾಗ ಕಾಡತೂಸಿನ ಹಿತ್ತಾಳೆ ಒಡೆದು ಬಿಸಿ ಗಾಳಿ ಹಿಂದಕ್ಕೆ, ಕಣ್ಣಿನ ಕಡೆಗೇ ನುಗ್ಗಬಹುದು. "ಇದನ್ನ ಹೊಡಿಬೇಡಿ" ಅಂದ್ರು, ಅಷ್ಟೇ. ವಾಪಸ್ ಬರುವಾಗ ಜೀಪಿನಲ್ಲಿ ಅಪ್ಪ ಏನೂ ಕೇಳಲಿಲ್ಲ. ನಾನೇ "ಸಾರಿ ಅಪ್ಪ" ಅಂದೆ.

ಹಾಗಾಗಿ "ರೆಡಿ" ಅಂತ ಬರೆದಿದ್ದು ತಪ್ಪು. ಹೊಳೀತಿದ್ದದ್ದು ಮರ ಮಾತ್ರ.

ಕೊನೇ ಫೋಟೋ ಸೆಪ್ಟೆಂಬರ್ 3ರದ್ದು. ನಳಿಗೆಗೆ ತೋಕ್ ಪೂ ಸಿಕ್ಕಿಸಿ ಬೇರೆ ಕೋವಿಗಳ ಜೊತೆ ಪೂಜೆಗೆ ಇಟ್ಟಿದೀವಿ. ಅವ್ವ ಅದನ್ನ ಎತ್ತಿ ಭುಜಕ್ಕೆ ಇಟ್ಟು ನೋಡಿದ್ರು. ಅರ್ಧ ಇಂಚು ಗಿಡ್ಡ ಬಟ್ ಅವರಿಗೆ ಸರಿಯಾಗಿ ಕೂತಿತು. "ನಿನ್ನ ತಾತಂದು ನನಗೆ ಯಾವಾಗಲೂ ಉದ್ದ ಆಗ್ತಿತ್ತು" ಅಂದು ಕೆಳಗಿಟ್ಟು, ಚಿಕ್ಕಪ್ಪನ ಕೋವಿ ತಗೊಂಡು ಮೈದಾನಕ್ಕೆ ಹೋದ್ರು.

ತೆಂಗಿನಕಾಯಿ ರೀಲ್ ಅವ್ವಂದು, ನಾಳೆ ಹಾಕ್ತೀನಿ. ನಿಮ್ಮ ಮನೇಲೂ ಹಳೇ ಕೋವಿ ಇದ್ರೆ ಪಾಲಿಶ್ ಮಾಡೋ ಮೊದಲು ತೋರಿಸಿ.

#ತಾತನಕೋವಿ #ಕೊಡಗು