ಪಡಸಾಲೆಯ ಪರಸಿ ಹೇಳುವ ಕಡಲ ಕಥೆ

ಕಲಬುರಗಿ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಶಹಾಬಾದಿ ಪರಸಿ ಅಪರಿಚಿತವಲ್ಲ. ಅದರ ಮೇಲೆಯೇ ನಾವು ಅಂಬೆಗಾಲಿಟ್ಟೆವು. ಪಂಕ್ತಿಯಲ್ಲಿ ಕುಳಿತು ಉಂಡೆವು. ಬೇಸಿಗೆಯ ಮಧ್ಯಾಹ್ನ ತಂಪಿಗೆಂದು ಮೈಚಾಚಿದೆವು. ಆದರೆ ಆ ಕಲ್ಲು ಒಂದು ಕಾಲಕ್ಕೆ ಕಡಲ ತಳವಾಗಿತ್ತೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು?

ಶಹಾಬಾದ್, ವಾಡಿ, ಸೇಡಂಗಳ ಈ ಶಿಲಾವರ್ಗಕ್ಕೆ ಭೀಮಾ ನದಿಯ ಹೆಸರೇ ಇದೆ. ರಾಬರ್ಟ್ ಬ್ರೂಸ್ ಫೂಟ್ ಅವರು 1876ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಇದರ ವಯಸ್ಸು 54 ಕೋಟಿ ವರ್ಷಗಳಿಗೂ ಮಿಗಿಲು.

ಈ ಕಲ್ಲಿನ ಹೊತ್ತಿಗೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದ ಗ್ರಾನೈಟಿನ ಮೇಲೆ ಮೊದಲು ಉರುಟುಗಲ್ಲು, ಮರಳುಗಲ್ಲು. ಅದು ದಡದ ಗುರುತು. ಅದರ ಮೇಲೆ ಜೇಡುಗಲ್ಲು. ಅಲೆಯ ಬಡಿತ ತಗ್ಗಿ ನವಿರಾದ ಕೆಸರು ತಳಕ್ಕೆ ಕುಳಿತ ತಾಣ. ಅದಕ್ಕೂ ಮೇಲೆ ಸುಣ್ಣಗಲ್ಲು. ನೆಲದ ಕೆಸರು ಅಷ್ಟಾಗಿ ತಲುಪದ ತಿಳಿನೀರಿನಲ್ಲಿ ಸುಣ್ಣದ ನುಣ್ಣನೆಯ ರಾಡಿ ನೆಲೆಗೊಂಡ ಸ್ಥಳ. ಅಂದರೆ ಕಡಲು ನೆಲದ ಮೇಲೆ ಮೆಲ್ಲಮೆಲ್ಲನೆ ಏರಿ ಬಂದಿತು. ಪರಸಿ ಇಷ್ಟು ಸಮನಾಗಿ ಸೀಳುವುದು ಕಲ್ಲುಕುಟಿಗರ ಕೈಚಳಕದಿಂದ ಮಾತ್ರವಲ್ಲ. ಪದರದ ಮೇಲೆ ಪದರವನ್ನು ಹಾಸಿದ ಆ ಶಾಂತ ಜಲದಿಂದಲೂ ಹೌದು.

ಇದರಲ್ಲಿ ಶಂಖ, ಚಿಪ್ಪುಗಳನ್ನು ಅರಸಿದರೆ ದೊರೆಯಲಾರವು. ಅಂಥ ಜೀವಿಗಳು ಆಗಿನ್ನೂ ಮೂಡಿರಲಿಲ್ಲ. ಇನ್ನೂ ಹಳೆಯವಾದ ಬಾಗಲಕೋಟೆ ಸೀಮೆಯ ಕಲಾದಗಿ ಶಿಲೆಗಳಲ್ಲಿ, ಲೋಕಾಪುರದ ಆಸುಪಾಸಿನಲ್ಲಿ, ಮಡಿಕೆ ಮಡಿಕೆಯಾದ ಸ್ಟ್ರೊಮಾಟೊಲೈಟುಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಿಸಿಲನ್ನು ಉಂಡು, ಸುಣ್ಣವನ್ನು ಹಿಡಿದಿಟ್ಟು ಕಟ್ಟಿದ ಗೂಡುಗಳವು. ಬಿಸಿಲು ತಳ ಮುಟ್ಟುತ್ತಿದ್ದುದರಿಂದ ಅಲ್ಲಿನ ನೀರು ಆಳವಿರಲಿಲ್ಲವೆಂದು ತಿಳಿಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಅಂಥವು ಇಂದಿಗೂ ಬೆಳೆಯುತ್ತಿವೆ.

ಎಲ್ಲ ಗೆರೆಗಳೂ ಕಡಲು ಬರೆದವಲ್ಲ. ಕೆಲವು ಪರಸಿಗಳಲ್ಲಿ ಕಾಣುವ ಕಪ್ಪು ಅಂಕುಡೊಂಕು ಗೆರೆ, ಮೇಲಿನ ಭಾರಕ್ಕೆ ಸುಣ್ಣವು ಕರಗಿ ಉಳಿದ ಕಲೆ. ಅದನ್ನು ಬೇರೆಯಾಗಿಯೇ ಓದಬೇಕು.

ಗಣಿ ಅಗೆದುದರಿಂದಲೇ ಈ ಪುಟಗಳು ನಮಗೆ ತೆರೆದುಕೊಂಡವು. ಅದೇ ಗಣಿಯಿಂದ ಅವು ಸಿಮೆಂಟಿನ ಕುಲುಮೆಗೂ ಸೇರುತ್ತಿವೆ. ಕಲ್ಲು ತೆಗೆಯಬೇಡಿರೆಂದು ನಾವು ಹೇಳಲಾರೆವು. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೆ ಕೆಲಸ ಮುಗಿದ ಗಣಿಗಳಲ್ಲಿ ಒಂದೊಂದು ಗೋಡೆಯನ್ನಾದರೂ ಮುಚ್ಚದೆ ಉಳಿಸಿ, ಶಾಲೆಯ ಮಕ್ಕಳನ್ನು ಕರೆದೊಯ್ದು ತೋರಿಸಬಾರದೇಕೆ? ಒಮ್ಮೆ ಪುಡಿಯಾದ ಪುಟವನ್ನು ಮರಳಿ ಬರೆಯಲು ಆ ಕಡಲು ಇನ್ನಿಲ್ಲ.