ಒಳಮಣ್ಣು

ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ತುಳುನಾಡಿನ ದೈವಗಳ ಗಗ್ಗರ ಕಾಲಿನಿಂದಿಳಿದು ಪೆಟ್ಟಿಗೆ ಸೇರುತ್ತದೆ. ಮಳೆಗಾಲ ಕಳೆದು ದೀಪಾವಳಿ ದಾಟಿದ ಬಳಿಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಗಳಲ್ಲಿ ಒಂದೊಂದಾಗಿ ಕೋಲ, ನೇಮಗಳು ಆರಂಭವಾಗುತ್ತವೆ. ದೈವಕ್ಕೆ ನಿಲ್ಲುವವನು ಎಣ್ಣೆಬೂಳ್ಯ ಪಡೆದು, ಮಿಂದು, ಬಣ್ಣ ಹಚ್ಚಿ, ಅಣಿ ಕಟ್ಟುವ ಮುನ್ನ ಗಗ್ಗರವನ್ನು ಕೈಯಲ್ಲಿ ಹಿಡಿಯುತ್ತಾನೆ. ಗದ್ದೆಯಾಚೆಯ ಮನೆಯ ಜಗಲಿಯಲ್ಲಿ ಮಲಗಿದ ಮುದುಕರೂ ಆ ಸದ್ದನ್ನು ಕೇಳಿಯೇ ಕೋಲ ಎಲ್ಲಿಯವರೆಗೆ ಬಂತೆಂದು ಹೇಳಬಲ್ಲರು. ತೆಂಬರೆ, ನಾಗಸ್ವರಗಳ ಗದ್ದಲದ ನಡುವೆಯೂ ಬೇರೆಯಾಗಿ ಕೇಳಿಸುವ, ಮಳೆಹನಿ ತಗಡಿನ ಮೇಲೆ ಸುರಿದಂತಹ ಸದ್ದು ಅದು.

ಕೋಲ ನೋಡಲು ಹೋದ ಶಾಲೆಯ ಹುಡುಗನೊಬ್ಬನಿಗೆ ಒಂದು ಪ್ರಶ್ನೆ ಹುಟ್ಟುವುದು ಸಹಜ. ಗಗ್ಗರವು ಟೊಳ್ಳಾದ ಕಂಚಿನ ಬಳೆ. ಅದರೊಳಗೆ ಗುಂಡುಗಳು ಉರುಳಾಡುತ್ತವೆ. ಹೊರಗೆ ಇರುವುದು ಸಣ್ಣದೊಂದು ಸೀಳು ಮಾತ್ರ. ಗುಂಡು ಅದಕ್ಕಿಂತ ದೊಡ್ಡದು. ಹಾಗಾದರೆ ಗುಂಡು ಒಳಗೆ ಹೋದದ್ದು ಹೇಗೆ? ಹಿರಿಯರನ್ನು ಕೇಳಿದರೆ ಹೆಚ್ಚಿನವರು ದೈವದ ಕಾರಣಿಕವೆಂದು ನಕ್ಕು ಸುಮ್ಮನಾಗುವರು. ಎರಕದವನನ್ನು ಕೇಳಿದರೆ ಮಾತ್ರ ಉತ್ತರ ಬೇರೆ: ಗುಂಡು ಒಳಗೆ ಹೋಗಲಿಲ್ಲ, ಗಗ್ಗರವೇ ಗುಂಡಿನ ಸುತ್ತ ಬಂದು ಕುಳಿತಿತು.

ಅದರ ಕ್ರಮ ಹೀಗೆ. ಜರಡಿ ಹಿಡಿದ ನಯವಾದ ಮಣ್ಣಿಗೆ ಸೆಗಣಿಯನ್ನೂ ಭತ್ತದ ಉಮಿಯನ್ನೂ ಸೇರಿಸಿ, ಹದವಾಗಿ ತುಳಿದು, ಮೊದಲು ಬಳೆಯ ಆಕಾರದ ಒಂದು ಸುರುಳಿಯನ್ನು ಮಾಡುತ್ತಾರೆ. ಗುಂಡುಗಳನ್ನು ಆ ಮಣ್ಣಿನೊಳಗೇ ಹುದುಗಿಸುತ್ತಾರೆ. ಇದೇ ಒಳಮಣ್ಣು, ಎರಕದ ಕಾರ್ಖಾನೆಯವರು ಕೋರ್ ಎಂದು ಕರೆಯುವುದೂ ಇದನ್ನೇ. ಅದು ಒಣಗಿದ ಬಳಿಕ ಅದರ ಮೇಲೆ ಜೇನುಮೇಣದ ಹೊದಿಕೆ. ಗಗ್ಗರದ ಲೋಹ ಎಷ್ಟು ದಪ್ಪವಿರಬೇಕೋ ಮೇಣವೂ ಅಷ್ಟೇ ದಪ್ಪ. ಮೇಣದ ಮೇಲೆ ಮತ್ತೆ ಮಣ್ಣಿನ ಲೇಪ, ಮೊದಲು ತೆಳ್ಳಗೆ, ಆಮೇಲೆ ದಪ್ಪಗೆ. ಬೆಂಕಿಗೆ ಹಿಡಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಅದಿದ್ದ ಎಡೆಯಲ್ಲಿ ಸಾವಿರ ಡಿಗ್ರಿಯ ಆಸುಪಾಸಿನ ಕಂಚಿನ ರಸ ಇಳಿಯುತ್ತದೆ. ಆರಿದ ಮೇಲೆ ಹೊರಮಣ್ಣನ್ನು ಒಡೆದು, ಸೀಳಿನಿಂದ ಕಡ್ಡಿ ತೂರಿಸಿ ಒಳಮಣ್ಣನ್ನು ಕೆದಕಿ ಉದುರಿಸುತ್ತಾರೆ. ಕೊನೆಯ ಹಿಡಿ ಮಣ್ಣು ಉದುರಿದಾಗ ಗುಂಡು ಬಿಡುಗಡೆಯಾಗಿ ಮೊದಲ ಬಾರಿ ಸದ್ದು ಮಾಡುತ್ತದೆ. ಗುಂಡಿನ ಸುತ್ತಲ ಮಣ್ಣು ಎಲ್ಲಾದರೂ ತೆಳ್ಳಗಾಗಿದ್ದರೆ ಕಂಚು ಹರಿದು ಗುಂಡನ್ನು ಹಿಡಿದುಕೊಳ್ಳುತ್ತದೆ. ಆಗ ಆ ಗಗ್ಗರ ಮೂಕ.

ಮೇಣ ಕರಗಿ ಹೋದ ಗಳಿಗೆಯಲ್ಲಿ ಒಂದು ಗಂಡಾಂತರವಿದೆ. ಒಳಮಣ್ಣಿಗೂ ಹೊರಮಣ್ಣಿಗೂ ನಡುವೆ ಆಗ ಏನೂ ಇಲ್ಲ. ಒಳಗಿನದು ಕುಸಿದು ಒಂದು ಮಗ್ಗುಲಿಗೆ ವಾಲಿದರೆ ಆ ಕಡೆ ಲೋಹ ತೂತಾಗುತ್ತದೆ, ಈ ಕಡೆ ದಪ್ಪವಾಗುತ್ತದೆ. ಆದುದರಿಂದ ಮೇಣದ ಮೂಲಕ ಕಬ್ಬಿಣದ ಸಣ್ಣ ಮೊಳೆಗಳನ್ನು ಚುಚ್ಚಿ ಎರಡು ಮಣ್ಣುಗಳನ್ನೂ ಮೊದಲೇ ಹೊಲಿದಂತೆ ಹಿಡಿದಿಡುತ್ತಾರೆ. ಹಳೆಯ ಟೊಳ್ಳು ವಿಗ್ರಹಗಳ ಮೈಮೇಲೆ ಅಲ್ಲಲ್ಲಿ ಕಾಣುವ ಚೌಕನೆಯ ತೇಪೆಗಳು ಎಷ್ಟೋ ಸಲ ಈ ಮೊಳೆಗಳಿದ್ದ ಜಾಗಗಳೇ.

ಎಲ್ಲಕ್ಕಿಂತ ಕಷ್ಟದ ಸಂಗತಿ ಮಣ್ಣಿನ ಹದ. ರಸ ಸುರಿಯುವಾಗ ಒಳಮಣ್ಣು ಕಲ್ಲಿನಂತೆ ನಿಲ್ಲಬೇಕು; ರಸ ಗಟ್ಟಿಯಾದ ಕೂಡಲೇ ಅದು ಸೋಲಬೇಕು. ಏಕೆಂದರೆ ಕಂಚು ಆರುತ್ತ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುತ್ತದೆ. ಒಂದು ಅಡಿ ಅಗಲದ ಘಂಟೆ ನಾಲ್ಕು ಐದು ಮಿಲಿಮೀಟರು ಕಿರಿದಾಗಲು ಹೊರಟಾಗ, ಒಳಗಿರುವುದು ಬಿಟ್ಟುಕೊಡದಿದ್ದರೆ ಲೋಹವೇ ಹರಿಯಬೇಕು. ಅದರಲ್ಲೂ ನೂರಕ್ಕೆ ೭೮ ಪಾಲು ತಾಮ್ರ, ೨೨ ಪಾಲು ತವರ ಬೆರೆತ ಘಂಟೆಯ ಕಂಚು ಸದ್ದಿಗೆ ಎಷ್ಟು ಒಳ್ಳೆಯದೋ ಬಾಗುವುದಕ್ಕೆ ಅಷ್ಟೇ ಕೆಟ್ಟದ್ದು. ತೆಳುವಾದ ಒಂದು ಬಿರುಕು ಸಾಕು, ತಿಂಗಳ ಕೆಲಸ ಮತ್ತೆ ಕುಲುಮೆಗೆ. ಉಮಿಯ ಗುಟ್ಟು ಇಲ್ಲಿದೆ. ಬೆಂಕಿಯಲ್ಲಿ ಉಮಿ ಸುಟ್ಟು ಮಣ್ಣಿನೊಳಗೆ ಸಾವಿರಾರು ಸಣ್ಣ ಪೊಳ್ಳುಗಳನ್ನು ಉಳಿಸುತ್ತದೆ. ಒಳಗೆ ಹುಟ್ಟಿದ ಆವಿಗೆ ಅವುಗಳ ಮೂಲಕ ದಾರಿ. ಕುಗ್ಗುವ ಕಂಚಿಗೆ ಅವೇ ಅವಕಾಶ. ಉಮಿ ಕಡಿಮೆಯಾದರೆ ಮಣ್ಣು ಸೋಲುವುದಿಲ್ಲ, ಹೆಚ್ಚಾದರೆ ನಿಲ್ಲುವುದಿಲ್ಲ. ಎಷ್ಟು ಹಾಕಬೇಕೆಂಬುದನ್ನು ಕೇಳಿದರೆ ಕಂಚುಗಾರರು ಸೇರು ಪಾವಿನ ಲೆಕ್ಕ ಹೇಳುವುದಿಲ್ಲ. ಮಣ್ಣನ್ನು ಕೇಳುವವನ ಅಂಗೈಯಲ್ಲಿ ಹಿಸುಕಿ ತೋರಿಸುತ್ತಾರೆ. ಈ ಉತ್ತರವನ್ನು ಅಜ್ಞಾನವೆಂದು ತಿಳಿದವರು ಆ ಮಣ್ಣನ್ನು ಎಂದೂ ಮುಟ್ಟಿದವರಲ್ಲ.

ಲೆಕ್ಕವೇ ಇರಲಿಲ್ಲವೆಂದು ಇದರರ್ಥವಲ್ಲ. ಕಲ್ಯಾಣದಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ, ಅರಸನಿಗೆ ತಿಳಿದಿರಬೇಕಾದ ನೂರು ವಿಷಯಗಳ ನಡುವೆ, ಮೇಣದಚ್ಚಿನ ಎರಕವನ್ನೂ ವಿವರಿಸಿದ್ದಾನೆ. ಮೇಣದ ಬೊಂಬೆಯನ್ನು ಮೊದಲು ತೂಗಬೇಕು. ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹವನ್ನು ಕರಗಿಸಬೇಕೆಂದು ಅಲ್ಲಿದೆ. ಅಡುಗೆಯ ರುಚಿಯನ್ನೂ ಆನೆಯ ಲಕ್ಷಣವನ್ನೂ ಬರೆದ ಅದೇ ಲೇಖನಿ ಎರಕದ ಮೂಸೆಯ ಬಳಿಯೂ ಕುಳಿತಿತ್ತು ಎಂಬುದು ಕನ್ನಡನಾಡಿನ ಅರಸೊತ್ತಿಗೆಗೆ ಸಣ್ಣ ಗೌರವವಲ್ಲ.

ತುಳುನಾಡಿನಲ್ಲಿ ಮಣ್ಣು, ಕಲ್ಲು, ಲೋಹ ಮೂರಕ್ಕೂ ಅದರದರ ಸ್ಥಾನವಿದೆ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ನಿಲ್ಲಿಸಿದ ಗೊಮ್ಮಟ ಒಂದೇ ಕಲ್ಲು. ಬೇಡದ್ದನ್ನೆಲ್ಲ ಹೊರಗಿನಿಂದ ಕಡೆದು ತೆಗೆದದ್ದು. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಚಂದ್ರನಾಥಸ್ವಾಮಿ ಪಂಚಲೋಹದ ಮೂರ್ತಿ. ವೇಣೂರಿನ ಬದಿಯಲ್ಲಿ ಹರಿಯುವ ಫಲ್ಗುಣಿ ನದಿಯನ್ನೇ ಹಿಡಿದು ಕೆಳಗಿಳಿದರೆ ಬಂಟ್ವಾಳ ಸೀಮೆಯ ಪೊಳಲಿ. ಅಲ್ಲಿಯ ರಾಜರಾಜೇಶ್ವರಿಯ ಬಿಂಬ ಮಣ್ಣಿನದು. ಕಂಚುಗಾರನ ಕೈಯಲ್ಲಿ ಒಡೆದು ಎಸೆಯಲ್ಪಡುವ ಮಣ್ಣೇ ಅಲ್ಲಿ ಬಿಂಬವಾಗಿ ಪೂಜೆಗೊಳ್ಳುತ್ತಿದೆ.

ಎರಕ ಬಿಟ್ಟು ಬಡಿತದ ಕೆಲಸಕ್ಕೆ ಬಂದರೂ ಪ್ರಶ್ನೆ ಅದೇ. ಬಾವಿಕಟ್ಟೆಯ ಕೊಡಪಾನವನ್ನು ನೋಡಬೇಕು: ಹೊಟ್ಟೆ ದೊಡ್ಡದು, ಕಂಠ ಸಣ್ಣದು. ತಗಡನ್ನು ಬಡಿಯಬೇಕಾದರೆ ಒಳಗೆ ಆಸರೆ ಬೇಕು. ಕೊರಳು ಕಿರಿದಾದ ಮೇಲೆ ಆ ಆಸರೆ ಹೊರಗೆ ಬರುವುದು ಹೇಗೆ? ಹಳೆಯ ತಾಮ್ರದ ಕೆಲಸದವರು ಈ ತೊಡಕನ್ನು ಬಳಸಿಕೊಂಡು ಹೋದರು. ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಬೇರೆ ಬೇರೆ ಬಡಿದು, ಅಂಚುಗಳನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದಕ್ಕೊಂದು ಕೂಡಿಸಿ ಬೆಸುಗೆ ಹಾಕಿದರು. ಅಜ್ಜಿಯ ಕಾಲದ ಕೊಡಪಾನದ ನಡುವಿನಲ್ಲಿ ಗರಗಸದಂತಹ ಗೆರೆಯೊಂದು ಕಾಣುವುದು ಇದರಿಂದ. ಭಕ್ತರ ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯೂ ಹೀಗೆ ಭಾಗ ಭಾಗವಾಗಿ ಬಡಿದು ಬೆಸೆದ ಟೊಳ್ಳೇ.

ತಗಡನ್ನು ಲೇತಿನ ಮೇಲೆ ತಿರುಗುವ ಅಚ್ಚಿಗೆ ಒತ್ತಿ ಪಾತ್ರೆ ಮಾಡುವ ಯಂತ್ರದವರು ಬಳಸುದಾರಿ ಹಿಡಿಯಲಿಲ್ಲ. ಅವರ ಅಚ್ಚು ಹಲಸಿನ ಹಣ್ಣಿನ ತೊಳೆಗಳಂತೆ ಹಲವು ತುಂಡುಗಳದ್ದು. ನಡುವೆ ಒಂದು ಗೂಟ, ಸುತ್ತ ತೊಳೆಗಳು. ಪಾತ್ರೆಯ ಕಂಠವನ್ನು ಒತ್ತಿ ಕಿರಿದುಗೊಳಿಸಿದ ಮೇಲೆ ಮೊದಲು ಗೂಟವನ್ನು ಎಳೆಯುತ್ತಾರೆ. ತೊಳೆಗಳ ಪೈಕಿ ಒಂದನ್ನು ಬೇಕೆಂದೇ ಬೇರೆ ಆಕಾರದಲ್ಲಿ ಕೊರೆದಿರುತ್ತಾರೆ. ಅದು ಖಾಲಿಯಾದ ನಡುವಿಗೆ ಜಾರಿ ಹೊರಬಂದರೆ ಉಳಿದವು ಒಂದೊಂದಾಗಿ ಒಳಕ್ಕೆ ಬಿದ್ದು ಬಾಯಿಯಿಂದ ಹೊರಬರುತ್ತವೆ. ಆ ಒಂದು ತುಂಡನ್ನು ತಪ್ಪಾಗಿ ಕೊರೆದರೆ ಅಚ್ಚು ಪಾತ್ರೆಯೊಳಗೇ ಸೆರೆ. ಪಾತ್ರೆಯನ್ನು ಕತ್ತರಿಸದೆ ಬೇರೆ ಗತಿಯಿಲ್ಲ. ಕೋನಗಳ ಲೆಕ್ಕ ಯಾವ ಉಪಯೋಗಕ್ಕೆಂದು ಗೊಣಗುವ ವಿದ್ಯಾರ್ಥಿಯನ್ನು ಅಧ್ಯಾಪಕರು ಇಂತಹ ಲೇತಿನ ಮುಂದೆ ಅರ್ಧ ಗಂಟೆ ನಿಲ್ಲಿಸಿದರೆ ಸಾಕು.

ಅಕ್ಕಸಾಲಿಗನ ಉಪಾಯ ಇನ್ನೂ ಸುಲಭ. ತೆಳುವಾದ ಬೆಳ್ಳಿಯ ಮೇಲೆ ಹೂಬಳ್ಳಿ ಕೊರೆಯುವಾಗ ಒಳಗೆ ಬಿಸಿ ಅರಗನ್ನು ತುಂಬುತ್ತಾನೆ. ಉಳಿಯ ಪೆಟ್ಟಿಗೆ ಅರಗು ಆಸರೆ. ಕೆಲಸ ಮುಗಿದ ಮೇಲೆ ಕಾಸಿದರೆ ಕರಗಿ ಹೊರಬರುತ್ತದೆ. ಚಿನ್ನದ ಗುಂಡಿನಲ್ಲಿ ಮಾತ್ರ ಅರಗನ್ನು ಒಳಗೇ ಬಿಡುವುದುಂಟು. ಅದು ಗುಂಡು ಚಪ್ಪಟೆಯಾಗದಿರಲೆಂದು. ಮಾರುವ ದಿನ ತಕ್ಕಡಿಯ ಮುಂದೆ ಇದರಿಂದ ಎಷ್ಟು ಮನೆಗಳಲ್ಲಿ ಜಗಳವಾಗಿದೆಯೋ!

ಬೆಳ್ತಂಗಡಿಯ ಅಡಿಕೆ ತೋಟಕ್ಕೆ ನೀರೆತ್ತುವ ಪಂಪು ಕೂಡ ಇದೇ ವಂಶದ್ದು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಅದರ ಬೀಡುಕಬ್ಬಿಣದ ಒಡಲಿನಿಂದ ಗಟ್ಟಿಯಾದ ಯಾವ ಅಚ್ಚನ್ನೂ ಎಳೆದು ತೆಗೆಯಲು ಬಾರದು. ಒಳಗಿದ್ದುದು ಪುಡಿಯಾಗಿ ಸುರಿದರೇ ಸರಿ. ಬೆಳಗಾವಿಯಂತಹ ಎರಕದ ಊರುಗಳಲ್ಲಿ ಮರಳಿಗೆ ಅಂಟು ಬೆರೆಸಿ ಒಳಗಿನ ಅಚ್ಚು ಮಾಡುತ್ತಾರೆ. ರಸದ ಕಾವಿಗೆ ಅಂಟು ಸುಟ್ಟುಹೋಗಿ ಮರಳು ಉದುರುತ್ತದೆ. ಸೋಡಿಯಂ ಸಿಲಿಕೇಟು ಬೆರೆಸಿ ಇಂಗಾಲಾಮ್ಲ ಅನಿಲ ಹಾಯಿಸಿದರೆ ಮರಳು ಕ್ಷಣದಲ್ಲಿ ಗಟ್ಟಿಯಾಗುವುದೆಂಬ ಕ್ರಮ ಬಂದಾಗ ಕೆಲಸ ಬೇಗವಾಯಿತು. ಆದರೆ ಎರಕದ ಕಾವಿಗೆ ಅದು ಗಾಜಿನಂತೆ ಬಿಗಿದುಕೊಂಡು ಸುತ್ತಿಗೆಗೂ ಬಗ್ಗಲಿಲ್ಲ. ಅದಕ್ಕೆ ಮದ್ದಾಗಿ ಬೆರೆಸತೊಡಗಿದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿ ಮತ್ತು ಮರದ ಪುಡಿ. ಕಾವಿಗೆ ಅವು ಸುಟ್ಟು ಎಡೆ ಬಿಟ್ಟವು. ಕಂಚುಗಾರನ ಉಮಿಯೇ ಬೇರೆ ಹೆಸರಿನಲ್ಲಿ ಕಾರ್ಖಾನೆಯ ಬಾಗಿಲಿಗೆ ಬಂದಂತಾಯಿತು.

ಇನ್ನು ತುಸು ಗಂಭೀರವಾದ ವಿಷಯ. ಒಳಮಣ್ಣು ಎಲ್ಲ ಸಲವೂ ಪೂರ್ತಿಯಾಗಿ ಹೊರಬರುವುದಿಲ್ಲ. ಮೊಗ ಹಿಂದೆ ತೆರೆದಿರುವುದರಿಂದ ಅದನ್ನು ಚೊಕ್ಕಟ ಮಾಡುವುದು ಸುಲಭ. ಆದರೂ ಪಂಜುರ್ಲಿಯ ಹಂದಿಮೊಗದ ಕೋರೆಯ ಬುಡದಲ್ಲಿ, ಕಿವಿಯ ಸಂದಿಯಲ್ಲಿ, ಹಕ್ಕಿದೀಪದ ಕೊರಳಿನೊಳಗೆ, ಟೊಳ್ಳು ಮೂರ್ತಿಯ ತೋಳಿನಲ್ಲಿ ಕಪ್ಪಾಗಿ ಸುಟ್ಟ ಮಣ್ಣು ಅಂಟಿಕೊಂಡೇ ಇರುತ್ತದೆ. ಜೀರ್ಣೋದ್ಧಾರ, ಬ್ರಹ್ಮಕಲಶಗಳ ಸಂಭ್ರಮದಲ್ಲಿ ಹಳೆಯ ಲೋಹವನ್ನೆಲ್ಲ ಹೊಳಪು ಹಾಕಲು ಕಳುಹಿಸುತ್ತಾರೆ. ಬಿರುಕು ಬಿಟ್ಟದ್ದನ್ನು ಕರಗಿಸಿ ಹೊಸತು ಮಾಡಿಸುವುದೂ ಅಪರೂಪವಲ್ಲ. ಒಳಗಿನ ಮಣ್ಣನ್ನು ಕೊಳೆಯೆಂದು ಕೆರೆದು ಚೆಲ್ಲುತ್ತಾರೆ. ಇಲ್ಲಿಯೇ ದೊಡ್ಡ ನಷ್ಟವಾಗುವುದು. ಲೋಹವು ತಾನು ಯಾವಾಗ ಕರಗಿತೆಂದು ಹೇಳಲಾರದು, ಮಣ್ಣು ಹೇಳಬಲ್ಲದು.

ಮಣ್ಣಿನಲ್ಲಿರುವ ಬೆಣಚುಕಲ್ಲಿನಂತಹ ಖನಿಜದ ಕಣಗಳು ಪ್ರಕೃತಿಯ ವಿಕಿರಣವನ್ನು ವರ್ಷ ವರ್ಷವೂ ತಮ್ಮೊಳಗೆ ಕೂಡಿಡುತ್ತವೆ. ಎರಕದ ಕಾವು ತಾಗಿದ ದಿನ ಆ ಉಳಿತಾಯವೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತದೆ. ಪ್ರಯೋಗಶಾಲೆಯಲ್ಲಿ ಚಿಟಿಕೆ ಮಣ್ಣನ್ನು ಮತ್ತೆ ಕಾಯಿಸಿದಾಗ ಹೊಮ್ಮುವ ಮಂದ ಬೆಳಕನ್ನು ಅಳೆದು ಎಷ್ಟು ಕಾಲವಾಯಿತೆಂದು ಕಂಡುಕೊಳ್ಳುತ್ತಾರೆ. ಇಸವಿಯನ್ನು ಖಚಿತವಾಗಿ ಹೇಳಲಾಗದಿದ್ದರೂ ಐವತ್ತು ವರ್ಷದ್ದೋ ಐನೂರು ವರ್ಷದ್ದೋ ಎಂಬುದು ತಿಳಿಯುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ೧೯೨೩ರಲ್ಲಿ ಕೊಂಡ ಗ್ರೀಕರ ಕಂಚಿನ ಕುದುರೆಯೊಂದನ್ನು ೧೯೬೭ರಲ್ಲಿ ಅಲ್ಲಿಯ ಅಧಿಕಾರಿಯೊಬ್ಬರೇ ನಕಲಿ ಎಂದು ಸಾರಿದರು. ಬಹು ವರ್ಷ ಮೆರೆದ ಕುದುರೆಗೆ ಅಪಖ್ಯಾತಿ ಬಂತು. ೧೯೭೦ರ ದಶಕದಲ್ಲಿ ಅದರ ಹೊಟ್ಟೆಯೊಳಗೆ ಉಳಿದಿದ್ದ ಒಳಮಣ್ಣಿನ ಕಣಗಳನ್ನು ಪರೀಕ್ಷಿಸಿದಾಗ ಕುದುರೆ ಪ್ರಾಚೀನವೆಂದು ಸಿದ್ಧವಾಯಿತು. ಅದನ್ನು ಎರೆದವನು ಒಳಗನ್ನು ಪೂರ್ತಿಯಾಗಿ ಕೆರೆದಿದ್ದರೆ ಆ ಸಾಕ್ಷಿ ದೊರಕುತ್ತಿರಲಿಲ್ಲ.

ಗುತ್ತು, ಬೀಡುಗಳ ಚಾವಡಿಯಲ್ಲಿಯೂ ದೈವಸ್ಥಾನದ ಭಂಡಾರದಲ್ಲಿಯೂ ಇರುವ ಮೊಗ, ಗಗ್ಗರ, ಘಂಟೆಗಳ ಮೇಲೆ ಬರಹವಿರುವುದು ವಿರಳ. ಅವುಗಳ ವಯಸ್ಸಿಗೆ ಒಳಮಣ್ಣಿಗಿಂತ ಬೇರೆ ದಾಖಲೆಯಿಲ್ಲ. ಜೀರ್ಣೋದ್ಧಾರಕ್ಕೆ ಹಣ ಕೊಡುವ ದಾನಿಗಳೂ ಸಮಿತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಮೊದಲೇ ಒಂದು ಮಾತು ಹೇಳಿಟ್ಟರೆ ಕೆಲಸ ಕೆಡದು. ಬೆಸುಗೆ ಹಾಕಿಸುವ ಮೊದಲು, ಕುಲುಮೆಗೆ ಕೊಡುವ ಮೊದಲು ಒಳಗನ್ನು ನೋಡಬೇಕು. ಹೊಸ ಬೆಂಕಿ ತಾಗಿದರೆ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಮಣ್ಣಿದ್ದರೆ ಬಲ್ಲವರು ಬರುವ ತನಕ ಅದನ್ನು ಇದ್ದಲ್ಲಿಯೇ ಬಿಡುವುದು ಲೇಸು. ತೆಗೆಯಲೇಬೇಕಾಗಿ ಬಂದರೆ ರಾತ್ರಿ ಮಂದವಾದ ಕೆಂಪು ಬೆಳಕಿನಲ್ಲಿ ತೆಗೆದು, ಬಿಸಿಲು ಸೋಕದಂತೆ ಕಪ್ಪು ಕಾಗದದಲ್ಲಿ ಎರಡು ಸುತ್ತು ಸುತ್ತಿ, ಯಾವ ಊರಿನ ಯಾವ ಮೊಗದ ಯಾವ ಭಾಗದ್ದೆಂದು ಮೇಲೆ ಬರೆದು, ಭಂಡಾರದ ಪೆಟ್ಟಿಗೆಯಲ್ಲಿಯೇ ಇಡಬೇಕು.